ಏಳು ಹಾಲಿ, ಆರು ಕಲ್ದಾರ್: ರಾಯಚೂರು ದೋಆಬಿನ ಎರಡು ನಾಣ್ಯಗಳು

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ರಾಯಚೂರು ದೋಆಬಿಗೆ ಸೇರಿದ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯು 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದುದರಿಂದ, ಇಲ್ಲಿನ ಕಂದಾಯವೂ ಸಂತೆಯ ವ್ಯವಹಾರವೂ ಸಂಸ್ಥಾನದ ಸ್ವಂತ ನಾಣ್ಯವಾದ ‘ಹಾಲಿ ಸಿಕ್ಕ’ದಲ್ಲಿ, ಅಂದರೆ ಚಾಲ್ತಿಯ ರೂಪಾಯಿಯಲ್ಲಿ, ನಡೆಯುತ್ತಿದ್ದವು. ತುಂಗಭದ್ರೆಯ ಆಚೆ ದಂಡೆಯ ಸಿರುಗುಪ್ಪ ಮದರಾಸು ಪ್ರಾಂತಕ್ಕೂ, ಲಿಂಗಸುಗೂರಿನ ಪಶ್ಚಿಮದ ಹುನಗುಂದ, ಇಳಕಲ್ಲುಗಳು ಮುಂಬಯಿ ಪ್ರಾಂತಕ್ಕೂ ಸೇರಿದ್ದು, ಅಲ್ಲಿ ನಡೆಯುತ್ತಿದ್ದುದು ಬ್ರಿಟಿಷ್ ಇಂಡಿಯಾದ ರೂಪಾಯಿ; ಸಂಸ್ಥಾನದ ಜನ ಅದನ್ನು ‘ಕಲ್ದಾರ್’ ಎಂದು ಕರೆಯುತ್ತಿದ್ದರು. ಹೀಗಾಗಿ ಹತ್ತಿಯನ್ನೋ ದನವನ್ನೋ ಗಡಿ ದಾಟಿಸಿ ಮಾರಿದವನಿಗೆ ಸಂಸ್ಥಾನದ ಸುಂಕವಾದ ಕರೋಡಗಿರಿಯ ಜೊತೆಗೆ ನಾಣ್ಯದ ವಟ್ಟವೂ, ಅಂದರೆ ವಿನಿಮಯಕ್ಕಾಗಿ ಮುರಿದುಕೊಳ್ಳುವ ಹಣವೂ, ಲೆಕ್ಕಕ್ಕೆ ಬರುತ್ತಿತ್ತು.

ಈ ಸೀಮೆಯ ಒಡೆತನವೇ ಒಮ್ಮೆ ಹಣದ ಬಾಕಿಯ ಕಾರಣಕ್ಕೆ ಕೈಬದಲಾಗಿತ್ತು. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ವೆಚ್ಚದ ಬಾಕಿಗಾಗಿ ನಿಜಾಮರು 1853ರಲ್ಲಿ ದೋಆಬನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟರು. 1860ರ ಒಪ್ಪಂದದಿಂದ ಅದು ಮರಳಿ ಬಂದಿತು. ಲಿಂಗಸುಗೂರಿನ ಛಾವಣಿ ಅದೇ ಸೈನ್ಯದ್ದು.

ಹಳೆಯ ಕಾಲದಲ್ಲಿ ಗದ್ವಾಲ, ನಾರಾಯಣಪೇಟೆಗಳಂಥ ಅಧೀನ ಸಂಸ್ಥಾನಗಳಲ್ಲಿಯೂ ಟಂಕಸಾಲೆಗಳಿದ್ದುದರಿಂದ, ನಾಣ್ಯ ಪರೀಕ್ಷಿಸಿ ವಿನಿಮಯ ಮಾಡುವ ಶರಾಫನಿಲ್ಲದೆ ದೊಡ್ಡ ವ್ಯಾಪಾರ ಸಾಗುವಂತಿರಲಿಲ್ಲ. ಅವನ ತಕ್ಕಡಿ ತೂಗುತ್ತಿದ್ದುದು ಬೆಳ್ಳಿಯನ್ನು. ಹತ್ತಿರದ ಹಟ್ಟಿಯಲ್ಲಿ ಚಿನ್ನದ ಗಣಿಯಿದ್ದು, ಮಸ್ಕಿಯ ಅಶೋಕನ ಶಾಸನವೂ 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರನ ಕಣ್ಣಿಗೇ ಮೊದಲು ಬಿದ್ದಿತಾದರೂ, ಇಲ್ಲಿನ ರೂಪಾಯಿಗೂ ಆ ಚಿನ್ನಕ್ಕೂ ಸಂಬಂಧವಿರಲಿಲ್ಲ. 1893ರಲ್ಲಿ ಬ್ರಿಟಿಷ್ ಸರಕಾರ ಬೆಳ್ಳಿ ತಂದವರಿಗೆಲ್ಲ ನಾಣ್ಯ ಟಂಕಿಸಿಕೊಡುವುದನ್ನು ನಿಲ್ಲಿಸಿದ ಮೇಲೆ ಕಲ್ದಾರ್ ತನ್ನಲ್ಲಿರುವ ಬೆಳ್ಳಿಯ ಬೆಲೆಯಿಂದ ಬೇರ್ಪಟ್ಟಿತು. ಬೆಳ್ಳಿಯ ಮೇಲೆಯೇ ನಿಂತಿದ್ದ ಹಾಲಿಗೆ ಅದರೊಡನೆ ಸ್ಥಿರವಾದ ದರ ಉಳಿಯುವುದು ಕಷ್ಟವಾಯಿತು.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚಾರ್‌ಮಿನಾರ್ ಚಿತ್ರವಿರುವ ಹೊಸ ಯಂತ್ರನಾಣ್ಯಗಳು ಬಂದ ಮೇಲೆ ವಿನಿಮಯ ದರ ಕ್ರಮೇಣ ಒಂದು ನೆಲೆಗೆ ಬಂದಿತು: ನೂರು ಕಲ್ದಾರಿಗೆ 116 ರೂಪಾಯಿ 10 ಆಣೆ 8 ಪೈ ಹಾಲಿ. ನೋಡಲು ತೊಡಕಾದ ಈ ಅಂಕಿ ಏಳು ಹಾಲಿಗೆ ಆರು ಕಲ್ದಾರ್ ಎಂಬ ಸರಳ ಪ್ರಮಾಣವೇ ಆಗಿದ್ದು, ಅದರ ಹಿಂದೆ ಲೋಹದ ಆಧಾರವೂ ಇತ್ತು. ಹಾಲಿ ರೂಪಾಯಿಯ ತೂಕ ಸುಮಾರು 11.18 ಗ್ರಾಂ, ಅದರಲ್ಲಿ ಬೆಳ್ಳಿ ಶೇ. 81.8, ಕಲ್ದಾರಿನ ತೂಕ 11.66 ಗ್ರಾಂ, ಬೆಳ್ಳಿ ಶೇ. 91.7. ಎರಡರ ಶುದ್ಧ ಬೆಳ್ಳಿಯನ್ನು ಹೋಲಿಸಿದರೆ ಬರುವ ಪ್ರಮಾಣ ಆರು–ಏಳಕ್ಕೆ ತೀರ ಸಮೀಪವಾದುದು. ಒಂದು ಕಲ್ದಾರನ್ನು ಹಾಲಿಗೆ ಇಳಿಸಿದರೆ 1 ರೂಪಾಯಿ 2 ಆಣೆ 8 ಪೈ ಎಂದು ಲೆಕ್ಕ ಚೊಕ್ಕವಾಗಿ ಮುಗಿಯುತ್ತಿತ್ತು. ಆದರೆ ಒಂದು ಹಾಲಿಯನ್ನು ಕಲ್ದಾರಿಗೆ ಏರಿಸಿದರೆ 13 ಆಣೆ 8 ಪೈಯ ಮೇಲೆ ಅರ್ಧ ಪೈಗೂ ಮಿಕ್ಕ ಚೂರೊಂದು ಉಳಿಯುತ್ತಿತ್ತು, ಮತ್ತು ಅಂಥ ಚೂರು ಚಿಲ್ಲರೆ ತಂದವನ ಕೈಸೇರುವ ಬಗೆಯೇ ಇರಲಿಲ್ಲ.

1918ರ ಕಾಯಿದೆಯ ಮೇರೆಗೆ ಕಾಗದದ ನೋಟುಗಳೂ ಬಂದವು. ಅವುಗಳ ಮೇಲೆ ಉರ್ದು, ತೆಲುಗು, ಮರಾಠಿಗಳೊಂದಿಗೆ ಕನ್ನಡದಲ್ಲಿಯೂ ಬೆಲೆ ಮುದ್ರಿತವಾಗಿರುತ್ತಿತ್ತು. ಒಂದು ನಾಣ್ಯವನ್ನು ಇನ್ನೊಂದಕ್ಕೆ ಸ್ಥಿರ ದರದಲ್ಲಿ ಕಟ್ಟಿಹಾಕುವ ಇಂಥ ವ್ಯವಸ್ಥೆ ದೂರದ ಪಶ್ಚಿಮ ಆಫ್ರಿಕದಲ್ಲಿ ಇಂದಿಗೂ ಇದೆ. ಸೆನೆಗಲ್ ಮೊದಲಾದ ದೇಶಗಳ ಸಿಎಫ್ಎ ಫ್ರಾಂಕ್ 1960ರಿಂದ ಫ್ರೆಂಚ್ ಫ್ರಾಂಕಿಗೆ ಐವತ್ತರ ದರದಲ್ಲಿ ಕಟ್ಟುಬಿದ್ದಿದ್ದು, 1994ರ ಜನವರಿಯಲ್ಲಿ ಒಂದೇ ಏಟಿಗೆ ನೂರಕ್ಕೆ ಇಳಿಯಿತು. ಈಗ ಅದು ಯೂರೋಗೆ ಜೋಡಿಸಲ್ಪಟ್ಟಿದೆ. ಹಾಲಿಗೆ ಕೊನೆಗಾಲದಲ್ಲಿ ಅಂಥ ಏಟು ಬೀಳಲಿಲ್ಲ. ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಭಾರತದ ರೂಪಾಯಿ ಅದೇ ಏಳು–ಆರರ ಪ್ರಮಾಣದಲ್ಲಿ ಹಾಲಿಯ ಜೊತೆಜೊತೆಗೆ ಬಳಕೆಗೆ ಬಂದು, ಐವತ್ತರ ದಶಕದಲ್ಲಿ ಅದರ ಸ್ಥಾನವನ್ನು ಪೂರ್ತಿಯಾಗಿ ಆಕ್ರಮಿಸಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರಿನ ಕಪ್ಪು ನೆಲದಲ್ಲಿ ಭತ್ತ ಹಬ್ಬಿ, ಕರಾವಳಿ ಆಂಧ್ರದ ರೈತರು ಜಮೀನು ಕೊಂಡು ಕ್ಯಾಂಪುಗಳನ್ನು ಕಟ್ಟತೊಡಗಿದಾಗ, ಆ ಕ್ರಯದ ಹಣವನ್ನು ನದಿ ದಾಟಿಸಲು ಯಾವ ಶರಾಫನ ನೆರವೂ ಬೇಕಿರಲಿಲ್ಲ.