ಎಳೆಯ ಕಿವುಡ ಮಕ್ಕಳ ಸನ್ನೆ ಭಾಷಾ ಗ್ರಹಿಕೆ: ಪರೀಕ್ಷೆಗಳ ಇತಿಹಾಸ

ಎದುರಿಗೆ ಆಡಿದ ಸನ್ನೆ ಭಾಷೆ ಕಿವುಡ ಮಗುವಿಗೆ ಎಷ್ಟು ಅರ್ಥವಾಗುತ್ತದೆ ಎಂದು ಅಳೆಯುವ ಪ್ರಯತ್ನ ಈಚಿನದು. 1880ರ ಮಿಲಾನ್ ಸಮ್ಮೇಳನ ಬಾಯಿಮಾತಿನ ಬೋಧನೆಯನ್ನೇ ಎತ್ತಿಹಿಡಿದ ಮೇಲೆ ಯುರೋಪಿನ ಹೆಚ್ಚಿನ ಶಾಲೆಗಳಿಂದ ಸನ್ನೆ ಹೊರಬಿತ್ತು. 1960ರಲ್ಲಿ ವಿಲಿಯಂ ಸ್ಟೋಕಿ ಅಮೆರಿಕದ ಸನ್ನೆ ಭಾಷೆಯ ಒಳರಚನೆಯನ್ನು ವಿವರಿಸಿದರು. ಮಕ್ಕಳ ಪರೀಕ್ಷೆಗಳು ಬರಲು ಮತ್ತೆ ದಶಕಗಳೇ ಹಿಡಿದವು.

ಲಂಡನ್ನಿನ ರೋಸಲಿಂಡ್ ಹರ್ಮನ್, ಸ್ಯಾಲಿ ಹೋಮ್ಸ್ ಮತ್ತು ಬೆನ್ಸಿ ವೋಲ್ 1999ರಲ್ಲಿ ಪ್ರಕಟಿಸಿದ ಬ್ರಿಟಿಷ್ ಸನ್ನೆ ಭಾಷಾ ಗ್ರಹಿಕೆ ಪರೀಕ್ಷೆಯನ್ನು 'ಜಗತ್ತಿನಲ್ಲೇ ಮೊದಲನೆಯದು' ಎಂದು ಕರೆಯುವುದುಂಟು. ಮಾತು ಅರ್ಧ ನಿಜ. ಸಂಶೋಧಕರು ಬಳಸುವ ಪರೀಕ್ಷೆಗಳು ಅಮೆರಿಕದಲ್ಲಿ ಆಗಲೇ ಇದ್ದವು. ಯಾವ ವಯಸ್ಸಿಗೆ ಎಷ್ಟು ಅಂಕ ಸಹಜ ಎಂಬ ಮಾನದಂಡವನ್ನು ಶಿಕ್ಷಕರ ಕೈಗಿತ್ತದ್ದು ಇದರ ಹೊಸತನ. ವಿಡಿಯೊದಲ್ಲಿ ಒಬ್ಬರು ಸನ್ನೆಯಲ್ಲಿ ವಾಕ್ಯ ಹೇಳುತ್ತಾರೆ, ಮಗು ಮುಂದಿರುವ ಚಿತ್ರಗಳಲ್ಲಿ ಸರಿಯಾದುದಕ್ಕೆ ಬೆರಳಿಡುತ್ತದೆ. ಇಂಥ 40 ವಾಕ್ಯಗಳು: ನಿಷೇಧ, ಬಹುವಚನ, ವಸ್ತುವಿನ ಗಾತ್ರ ಮತ್ತು ಆಕಾರ, ಕ್ರಿಯಾಪದದ ರೂಪಭೇದ. ಊರಿಂದೂರಿಗೆ ಸನ್ನೆ ಬೇರೆಯಾದ್ದರಿಂದ ಮೊದಲು ಪದಗಳ ತಪಾಸಣೆ ನಡೆಯುತ್ತದೆ. ಪದವೇ ಗೊತ್ತಿಲ್ಲದ ಮಗುವನ್ನು ವ್ಯಾಕರಣದಲ್ಲಿ ಹಿಂದುಳಿದದ್ದೆಂದು ಎಣಿಸಬಾರದಲ್ಲ.

ಜಗಳವಿರುವುದು ಮಾನದಂಡದಲ್ಲೇ. ಅದಕ್ಕೆ ಆಧಾರವಾದ 135 ಮಕ್ಕಳಲ್ಲಿ ಕಿವುಡ ತಂದೆತಾಯಿಯ ಮಡಿಲಲ್ಲಿ ಹುಟ್ಟಿನಿಂದ ಸನ್ನೆ ಕಂಡವರೂ ಇದ್ದರು, ಕಿವಿ ಕೇಳುವ ಮಕ್ಕಳೂ ಸೇರಿದ್ದರು. ಆದರೆ ಕಿವುಡ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿಯ ಹೆತ್ತವರಿಗೆ ಕಿವಿ ಕೇಳುತ್ತದೆ. ಅವರಲ್ಲಿ ಬಹುತೇಕರಿಗೆ ಸನ್ನೆಯೇ ಬಾರದು. ಆ ಮನೆಯ ಮಗು ಕಡಿಮೆ ಅಂಕ ಪಡೆದರೆ ಅದು ಭಾಷಾದೋಷವೋ, ಭಾಷೆ ತಡವಾಗಿ ಸಿಕ್ಕಿದ ಫಲವೋ ಎಂಬುದನ್ನು ಅಂಕವೊಂದೇ ಹೇಳಲಾರದು. ಕ್ಯಾಥರಿನ್ ಮೇಸನ್ ಮತ್ತು ಸಂಗಡಿಗರು 2010ರಲ್ಲಿ, ಸನ್ನೆ ಸಾಕಷ್ಟು ಸಿಕ್ಕಿಯೂ ಭಾಷೆಯಲ್ಲಿ ತೊಡಕುಳ್ಳ ಕಿವುಡ ಮಕ್ಕಳಿದ್ದಾರೆಂದು ದಾಖಲಿಸಿದ ಮೇಲೆ ಈ ಪ್ರಶ್ನೆ ಇನ್ನಷ್ಟು ತೀವ್ರವಾಯಿತು.

ಬೇರೆ ಸನ್ನೆ ಭಾಷೆಗಳಿಗೂ ಪರೀಕ್ಷೆ ಹರಡಿತು. ಬ್ರಿಟಿಷ್ ಸನ್ನೆಗೆ ಹತ್ತಿರದ ನಂಟಿರುವ ಆಸ್ಟ್ರೇಲಿಯಾದ ಆಸ್ಲಾನ್‌ಗೆ ಟ್ರೆವರ್ ಜಾನ್ಸ್ಟನ್ 2004ರಲ್ಲಿ ಅದರ ಪ್ರಾಯೋಗಿಕ ರೂಪವನ್ನು ವರದಿಮಾಡಿದರು. ಅಮೆರಿಕದ ಸನ್ನೆಯ ವಂಶವೇ ಬೇರೆ. ಷಾರ್ಲಟ್ ಎನ್ಸ್ ಮತ್ತು ಹರ್ಮನ್ ಅದಕ್ಕೆ ವಾಕ್ಯಗಳನ್ನು ಬದಲಿಸಿ ಹೊಂದಿಸಿದ ರೂಪ 2011ರಲ್ಲಿ ಪ್ರಕಟವಾಯಿತು.

ಮೂರು ವರ್ಷದೊಳಗಿನ ಕೂಸುಗಳಿಗೆ ಚಿತ್ರ ತೋರಿಸುವ ವಿಧಾನ ಒಗ್ಗುವುದಿಲ್ಲ. ಅವರಿಗಾಗಿ ಹೆತ್ತವರೇ ತುಂಬುವ ಪದಪಟ್ಟಿಗಳಿವೆ. ಅಮೆರಿಕದಲ್ಲಿ 2002ರಲ್ಲಿ ವರದಿಯಾದ ಪಟ್ಟಿ ಮಗು ಮಾಡುವ ಸನ್ನೆಗಳನ್ನು ಎಣಿಸಿತು. 2010ರ ಬ್ರಿಟಿಷ್ ಪಟ್ಟಿ ಅರ್ಥವಾಗುವ ಸನ್ನೆಗಳನ್ನೂ ಕೇಳಿತು. ಪಟ್ಟಿ ತುಂಬಲು ಹೆತ್ತವರಿಗೆ ಮೊದಲು ಸನ್ನೆ ಬರಬೇಕೆಂಬ ತೊಡಕು ಮಾತ್ರ ಇವಕ್ಕೆ ಅಂಟಿಕೊಂಡೇ ಬಂದಿದೆ.