ಅಕ್ಯುಪಂಕ್ಚರ್ (ಸೊಂಟದ ಡಿಸ್ಕ್ ತೊಂದರೆಗೆ)
ಕೂದಲೆಳೆಯಂಥ ಸೂಜಿಗಳನ್ನು ಚುಚ್ಚಿ ನೋವು ತಗ್ಗಿಸುವ ಚೀನೀ ಮೂಲದ ಚಿಕಿತ್ಸೆ. ಕೆರೂರ, ಗುಳೇದಗುಡ್ಡ, ಇಳಕಲ್ಲ ಸೀಮೆಯಲ್ಲಿ ದಿನವಿಡೀ ಮಗ್ಗದ ಮುಂದೆ ಬಾಗಿ ಕೂರುವ ನೇಕಾರರಿಗೆ ಸೊಂಟನೋವು ಹೊಸದಲ್ಲ. ಬೆನ್ನೆಲುಬಿನ ಕೆಳತುದಿಯ ಡಿಸ್ಕ್ ಉಬ್ಬಿ ನರವನ್ನು ಒತ್ತಿದರೆ ನೋವು ಕಾಲಿಗೂ ಇಳಿಯುತ್ತದೆ. ಸೊಂಟ, ಪೃಷ್ಠ, ಮಂಡಿಯ ಹಿಂಭಾಗಗಳಲ್ಲಿ ಚುಚ್ಚಿದ ಸೂಜಿಗಳನ್ನು ಸುಮಾರು 20–30 ನಿಮಿಷ ಹಾಗೆಯೇ ಬಿಡುತ್ತಾರೆ. ಇದರಿಂದ ಕೆಲವರಿಗೆ ನೋವು ಕಡಿಮೆಯಾಗುವುದು ನಿಜ. ಆದರೆ ಜಾರಿದ ಡಿಸ್ಕ್ ಸೂಜಿಯಿಂದ ಮರಳಿ ಕೂಡುತ್ತದೆ ಎಂಬ ಮಾತನ್ನು ನಂಬಬಾರದು. ಬಹುತೇಕರ ನೋವು ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ದೀರ್ಘಕಾಲದ ಸೊಂಟನೋವಿಗೆ ಬ್ರಿಟನ್ನಿನ ಚಿಕಿತ್ಸಾ ಮಾರ್ಗಸೂಚಿ ಸಂಸ್ಥೆ ನೈಸ್ 2016ರಲ್ಲಿ ಅಕ್ಯುಪಂಕ್ಚರ್ ಬೇಡವೆಂದರೆ, ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2017ರಲ್ಲಿ ಬಳಸಬಹುದೆಂದಿತು. ಭಾರತ ಸರ್ಕಾರ 2019ರಲ್ಲಿ ಇದನ್ನು ಸ್ವತಂತ್ರ ಪದ್ಧತಿಯಾಗಿ ಮಾನ್ಯ ಮಾಡಿತು. ಕಾಲಿನ ಬಲ ಕುಂದಿದರೆ, ಮೂತ್ರದ ಹತೋಟಿ ತಪ್ಪಿದರೆ ಸೂಜಿಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.