ಬೇರೆಯಾದ ಮೇಲೆ ಆರೈಕೆಯ ಖರ್ಚು ಯಾರದು?: ಅಂಗವಿಕಲ ಸಂಗಾತಿಯ ಜೀವನಾಂಶ ಕುರಿತು ಒಂದು ವಿವೇಚನೆ

ಸಾರಾಂಶ: ದಾಂಪತ್ಯ ಮುರಿದಾಗ ಅಂಗವಿಕಲ ಸಂಗಾತಿಯ ಕೈತಪ್ಪುವುದು ಗಂಡನ ಅಥವಾ ಹೆಂಡತಿಯ ಸಂಪಾದನೆಯಷ್ಟೇ ಅಲ್ಲ, ಮನೆಯೊಳಗೆ ದುಡ್ಡಿಲ್ಲದೆ ಸಿಗುತ್ತಿದ್ದ ಆರೈಕೆಯೂ ಹೌದು. ಜೀವನಾಂಶದ ಕಾನೂನು ಮೊದಲನೆಯದನ್ನು ಲೆಕ್ಕ ಹಾಕುತ್ತದೆ, ಎರಡನೆಯದನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತದೆ. ಈ ಲೋಪವನ್ನು ಗುರುತಿಸಿ, ಈಗಿರುವ ಕಾನೂನಿನೊಳಗೇ ಅದಕ್ಕೆ ಪರಿಹಾರವಿದೆ ಎಂದು ಈ ಲೇಖನ ವಾದಿಸುತ್ತದೆ.

1. ಪ್ರವೇಶ

ಒಂದು ನಿದರ್ಶನ ಇಟ್ಟುಕೊಳ್ಳೋಣ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ಹೆಂಗಸು. ಮಲಗಿದಲ್ಲೇ ಇರುವ ಆಕೆಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸಬೇಕು, ತಪ್ಪಿದರೆ ಹಾಸಿಗೆ ಹುಣ್ಣು. ದಿನಕ್ಕೆ ನಾಲ್ಕೈದು ಸಲ ನಳಿಕೆಯಿಂದ ಮೂತ್ರ ತೆಗೆಯಬೇಕು. ಗಂಡನ ಮನೆಯಲ್ಲಿದ್ದಾಗ ರಾತ್ರಿ ಹನ್ನೊಂದಕ್ಕೆ ಗಂಡ ಏಳುತ್ತಿದ್ದ, ಒಂದಕ್ಕೆ ಅತ್ತೆ, ಮೂರಕ್ಕೆ ಮತ್ತೆ ಗಂಡ. ಸಂಬಂಧ ಮುರಿದು ತವರಿಗೆ ಬಂದ ಮೇಲೆ ಮೂರೂ ಪಾಳಿ ಅರವತ್ತು ದಾಟಿದ ತಾಯಿಯ ಪಾಲಿಗೆ ಬಂದವು. ಆಕೆ ಸಲ್ಲಿಸಿದ ಜೀವನಾಂಶದ ಅರ್ಜಿಯಲ್ಲಿ ಊಟ, ಬಟ್ಟೆ, ಬಾಡಿಗೆ, ಔಷಧಿ ಎಲ್ಲವೂ ಇವೆ. ರಾತ್ರಿ ಮೂರು ಗಂಟೆಯ ಆ ಕೆಲಸ ಮಾತ್ರ ಇಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ, ಕರ್ನಾಟಕದಲ್ಲಿ 13.24 ಲಕ್ಷ ಅಂಗವಿಕಲರಿದ್ದರು. ಆಗ ಎಣಿಕೆಗೆ ತೆಗೆದುಕೊಂಡದ್ದು ಎಂಟು ಬಗೆಯ ಅಂಗವೈಕಲ್ಯಗಳನ್ನು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಅವನ್ನು 21ಕ್ಕೆ ಹಿಗ್ಗಿಸಿತು. ಇವರಲ್ಲಿ ಯಾರ ದಾಂಪತ್ಯ ಮುರಿದರೂ ನೆರವು ಕೇಳಲು ಇರುವ ಬಾಗಿಲು ಎರಡು: ನ್ಯಾಯಾಲಯ ಮತ್ತು ಸರ್ಕಾರ.

2. ಜೀವನಾಂಶದ ದಾರಿಗಳು

ಧರ್ಮಭೇದವಿಲ್ಲದೆ ಎಲ್ಲರಿಗೂ ತೆರೆದಿರುವ ದಾರಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. 2024ರ ಜುಲೈ 1ರವರೆಗೆ ಇದೇ ಪರಿಹಾರ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನಲ್ಲಿತ್ತು. ಹಿಂದೆ ಅದಕ್ಕೆ ತಿಂಗಳಿಗೆ 500 ರೂಪಾಯಿಯ ಮಿತಿ ಇತ್ತು. 2001ರ ತಿದ್ದುಪಡಿ ಆ ಮಿತಿಯನ್ನು ತೆಗೆದುಹಾಕಿ, ಮಧ್ಯಂತರ ಜೀವನಾಂಶದ ಅರ್ಜಿಯನ್ನು ನೋಟಿಸು ತಲುಪಿದ 60 ದಿನಗಳೊಳಗೆ, ಆದಷ್ಟು ಮಟ್ಟಿಗೆ, ಇತ್ಯರ್ಥಪಡಿಸಬೇಕೆಂದಿತು. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ತಮ್ಮನ್ನು ತಾವು ಸಾಕಿಕೊಳ್ಳಲಾಗದ ಮಕ್ಕಳು ವಯಸ್ಕರಾದ ಮೇಲೂ ಇದೇ ಕಲಮಿನಡಿ ತಂದೆತಾಯಿಯಿಂದ ಜೀವನಾಂಶ ಕೇಳಬಹುದು.

ಇದರ ಜೊತೆಗೆ ಹಿಂದೂ ಪತ್ನಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 18ನೇ ಕಲಂ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಹಣದ ಪರಿಹಾರವನ್ನೂ ವಾಸದ ಹಕ್ಕನ್ನೂ ಕೇಳಬಹುದು. ವಾಸದ ಹಕ್ಕಿಗೆ ಇಲ್ಲಿ ವಿಶೇಷ ಬೆಲೆಯಿದೆ. ಇಳಿಜಾರು, ಅಗಲ ಬಾಗಿಲು, ಹಿಡಿಕೆ ಹಾಕಿಸಿದ ಬಚ್ಚಲು ಇರುವುದು ಗಂಡನ ಮನೆಯಲ್ಲಾದರೆ, ಆ ಮನೆ ಬಿಟ್ಟವಳು ಸ್ನಾನಕ್ಕೂ ಇನ್ನೊಬ್ಬರ ಕೈ ಕಾಯಬೇಕಾಗುತ್ತದೆ.

ಅಂಗವಿಕಲ ಪತಿಯ ಸ್ಥಿತಿ ಇನ್ನೂ ಇಕ್ಕಟ್ಟಿನದು. 144ನೇ ಕಲಮಿನಲ್ಲಿ ಗಂಡನು ಹೆಂಡತಿಯಿಂದ ಜೀವನಾಂಶ ಕೇಳುವಂತಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯ 24 ಮತ್ತು 25ನೇ ಕಲಂಗಳು ಗಂಡಹೆಂಡಿರಿಬ್ಬರಿಗೂ ಅನ್ವಯಿಸುತ್ತವೆ. ಆದರೆ ಅವುಗಳ ನೆರವು ಪಡೆಯಲು ಆ ಕಾಯ್ದೆಯಡಿ ಪ್ರಕರಣವೊಂದು ನಡೆಯುತ್ತಿರಬೇಕು ಅಥವಾ ತೀರ್ಮಾನವಾಗಿರಬೇಕು. 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಲ್ಲಿ ಈ ಹಕ್ಕು ಪತ್ನಿಗೆ ಮಾತ್ರ. ಪೆಟ್ಟು ತಿಂದು ಹಾಸಿಗೆ ಹಿಡಿದ ಗಂಡನನ್ನು ಹೆಂಡತಿ ಸುಮ್ಮನೆ ಬಿಟ್ಟುಹೋದರೆ, ವಯಸ್ಕ ಮಕ್ಕಳಿದ್ದರೆ ಅವರಿಂದ ತಂದೆಯಾಗಿ ಕೇಳಬಹುದೇ ಹೊರತು ನೇರವಾಗಿ ಹೆಂಡತಿಯನ್ನು ಕೇಳುವ ದಾರಿ ಅವನಿಗೆ ಬಹಳ ಕಿರಿದು.

ಇನ್ನೊಂದು ಅಪಾಯವನ್ನು ಇಲ್ಲಿ ಒತ್ತಿ ಹೇಳಬೇಕು. ಹಿರಿಯರನ್ನು ಕೂರಿಸಿ, ಛಾಪಾ ಕಾಗದದ ಮೇಲೆ ‘ಇಬ್ಬರೂ ಒಪ್ಪಿ ಬೇರೆ ಇರುತ್ತೇವೆ’ ಎಂದು ಬರೆಸಿ ಸಹಿ ಹಾಕಿಸುವ ಪದ್ಧತಿ ನಮ್ಮ ಊರುಗಳಲ್ಲಿದೆ. ಕಣ್ಣು ಕಾಣದವರಿಗೆ ಅದನ್ನು ಓದಿ ಹೇಳುವವರು ಯಾರು, ಕಿವಿ ಕೇಳದವರಿಗೆ ಸನ್ನೆಯಲ್ಲಿ ತಿಳಿಸುವವರು ಯಾರು ಎಂದು ಆ ಹೊತ್ತಿನಲ್ಲಿ ಕೇಳುವವರು ಕಡಿಮೆ. ಪರಸ್ಪರ ಒಪ್ಪಿಗೆಯಿಂದ ಬೇರೆ ವಾಸಿಸುತ್ತಿರುವ ಹೆಂಡತಿಗೆ 144(4)ರಂತೆ ಜೀವನಾಂಶವಿಲ್ಲ. ನಾಳೆ ಎದುರು ಪಕ್ಷದವರು ಅದೇ ಕಾಗದವನ್ನು ನ್ಯಾಯಾಲಯಕ್ಕೆ ಹಾಜರುಪಡಿಸಬಹುದು.

3. ಲೆಕ್ಕಕ್ಕೆ ಬಾರದ ಶ್ರಮ

2020ರ ನವೆಂಬರ್ 4ರಂದು ಸುಪ್ರೀಂ ಕೋರ್ಟ್ ರಜನೀಶ್–ನೇಹಾ ಪ್ರಕರಣದಲ್ಲಿ ಕೊಟ್ಟ ತೀರ್ಪು ಈ ಕ್ಷೇತ್ರದ ದಿಕ್ಕು ಬದಲಿಸಿತು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು ಎಂದಿತು. ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸುವುದನ್ನು ಕಡ್ಡಾಯ ಮಾಡಿತು. ಸಂಗಾತಿಯ ಅಥವಾ ಮಗುವಿನ ಗಂಭೀರ ಅಂಗವೈಕಲ್ಯ, ನಿರಂತರ ಆರೈಕೆ ಮತ್ತು ಮರುಕಳಿಸುವ ಖರ್ಚನ್ನು ಮೊತ್ತ ನಿಗದಿಯಲ್ಲಿ ಗಮನಿಸಬೇಕೆಂದೂ ಹೇಳಿತು.

ತೀರ್ಪಿನ ಮಾತು ವಿಶಾಲವಾಗಿದೆ, ಪ್ರಮಾಣಪತ್ರದ ನಮೂನೆ ಅಷ್ಟು ವಿಶಾಲವಾಗಿಲ್ಲ. ಅಂಗವೈಕಲ್ಯದ ವಿಷಯ ಬಂದಾಗ ಅದು ಮುಖ್ಯವಾಗಿ ಕೇಳುವುದು ದಾಖಲೆ ಮತ್ತು ವೈದ್ಯಕೀಯ ವೆಚ್ಚವನ್ನು. ಔಷಧಿಗೆ ರಸೀದಿ ಇದೆ, ಗಾಲಿಕುರ್ಚಿಗೆ ಬಿಲ್ಲು ಇದೆ. ತಾಯಿ ನಿದ್ದೆಗೆಟ್ಟದ್ದಕ್ಕೆ ರಸೀದಿ ಕೊಡುವವರು ಯಾರು? ಹೀಗಾಗಿ ವಾದ ಎದುರುದಾರನ ಸಂಬಳದ ಚೀಟಿಯ ಸುತ್ತಲೇ ನಡೆಯುತ್ತದೆ, ಅದರಲ್ಲಿ ಇಷ್ಟು ಪಾಲು ಎಂಬಲ್ಲಿಗೆ ನಿಲ್ಲುತ್ತದೆ. ಅಂಗವಿಕಲ ವ್ಯಕ್ತಿಯ ತಿಂಗಳ ನಿಜವಾದ ಖರ್ಚು ಎಷ್ಟು ಎಂಬಲ್ಲಿಂದ ಲೆಕ್ಕ ಶುರುವಾಗಬೇಕಿತ್ತು.

ಇದಕ್ಕೆ ಬೇಕಾದ ಅಳತೆಗೋಲು ನಮ್ಮ ಕಾನೂನಿನಲ್ಲೇ ಇದೆ, ಮೋಟಾರು ಅಪಘಾತ ಪರಿಹಾರದ ವಿಭಾಗದಲ್ಲಿ. ಅಪಘಾತದಲ್ಲಿ ಪೂರ್ಣ ಅಂಗವಿಕಲಳಾದ ಬಾಲಕಿಯೊಬ್ಬಳ ಪ್ರಕರಣದಲ್ಲಿ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಆರೈಕೆಯ ವೆಚ್ಚವನ್ನೇ ಪ್ರತ್ಯೇಕ ಬಾಬ್ತಾಗಿ ತೆಗೆದುಕೊಂಡಿತು. ಇಬ್ಬರು ಸಹಾಯಕರಿಗೆ ತಲಾ 5,000 ರೂಪಾಯಿಯಂತೆ ತಿಂಗಳಿಗೆ 10,000, ವರ್ಷಕ್ಕೆ 1,20,000. ಅದನ್ನು 18ರಿಂದ ಗುಣಿಸಿ 21,60,000 ರೂಪಾಯಿ ಎಂದು ನಿಗದಿಪಡಿಸಿತು. ಲಾರಿ ಗುದ್ದಿದರೆ ಆರೈಕೆಗೆ ಬೆಲೆ ಕಟ್ಟುವ ನ್ಯಾಯ, ಸಂಗಾತಿ ಕೈಬಿಟ್ಟಾಗಲೂ ಬೆಲೆ ಕಟ್ಟಲೇಬೇಕು. ಎರಡೂ ಸಂದರ್ಭದಲ್ಲಿ ಕೆಲಸ ಒಂದೇ: ಎತ್ತುವುದು, ತೊಳೆಯುವುದು, ತಿನ್ನಿಸುವುದು, ಮಗ್ಗುಲಾಗಿಸುವುದು. ತಾಯಿಯೋ ತಂಗಿಯೋ ಅದನ್ನು ಪ್ರೀತಿಯಿಂದ ಮಾಡುತ್ತಾರೆಂಬುದು ಹೊಣೆಗಾರನ ಸಾಲವನ್ನು ಮನ್ನಾ ಮಾಡುವ ಕಾರಣವಾಗಲಾರದು.

4. ಸರ್ಕಾರದ ನೆರವು: ಮನೆಯೇ ಘಟಕ

ಸರ್ಕಾರದ ಬಾಗಿಲಲ್ಲಿ ತೊಡಕು ಬೇರೆ ಬಗೆಯದು. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿಯಲ್ಲಿ ಕೇಂದ್ರದ ಪಾಲು ತಿಂಗಳಿಗೆ 300 ರೂಪಾಯಿ, ಅದೂ ಬಡತನ ರೇಖೆಯ ಕೆಳಗಿರುವ, ಶೇ 80 ಅಥವಾ ಹೆಚ್ಚು ಅಂಗವೈಕಲ್ಯವಿರುವವರಿಗೆ. ಕರ್ನಾಟಕದ ಮಾಸಾಶನ ಇದಕ್ಕಿಂತ ಮೇಲು. ಆದರೂ ಶೇ 75ಕ್ಕಿಂತ ಹೆಚ್ಚು ದೈಹಿಕ ಅಂಗವೈಕಲ್ಯವಿರುವವರಿಗೆ ಸಿಗುವ 1,400 ರೂಪಾಯಿ ಒಬ್ಬ ಸಹಾಯಕಿಯ ವಾರದ ಕೂಲಿಗೂ ಸಾಲದು.

ಮೊತ್ತಕ್ಕಿಂತ ಆಳದ ಸಮಸ್ಯೆ ಎಂದರೆ ಈ ಯೋಜನೆಗಳೆಲ್ಲ ಆದಾಯವನ್ನು ಅಳೆಯುವಾಗ, ಪಡಿತರ ಚೀಟಿ ನೋಡುವಾಗ, ವ್ಯಕ್ತಿಯನ್ನಲ್ಲದೆ ಕುಟುಂಬವನ್ನು ನೋಡುತ್ತವೆ. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯ 2,000 ರೂಪಾಯಿ ಪಡಿತರ ಚೀಟಿಯಲ್ಲಿ ಯಜಮಾನಿ ಎಂದಿರುವವಳಿಗೆ. ಗಂಡನ ಮನೆಯ ಚೀಟಿಯಲ್ಲಿ ಅತ್ತೆ ಯಜಮಾನಿ, ತವರಿನ ಚೀಟಿಯಲ್ಲಿ ತಾಯಿಯೋ ಅತ್ತಿಗೆಯೋ. ನಡುವೆ ಸಿಕ್ಕವಳ ಹೆಸರು ಒಂದರಿಂದ ತೆಗೆಸಿ ಇನ್ನೊಂದಕ್ಕೆ ಸೇರಿಸುವುದೇ ತಿಂಗಳುಗಟ್ಟಲೆ ಓಡಾಟ, ಸೇರಿಸಿದ ಮೇಲೆ ಅಣ್ಣನ ಆದಾಯವೂ ಅವಳ ಲೆಕ್ಕಕ್ಕೆ ಬೀಳುತ್ತದೆ. ಅಂಗವಿಕಲರನ್ನು ಮದುವೆಯಾಗುವ ಅಂಗವಿಕಲರಲ್ಲದವರಿಗೆ ರಾಜ್ಯ 50,000 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಮದುವೆ ಮುರಿದ ದಿನ ಆ ವ್ಯಕ್ತಿಯನ್ನು ಹೊಸದೊಂದು ಘಟಕವೆಂದು ಎಣಿಸುವ ಔದಾರ್ಯವೂ ಅದಕ್ಕಿರಬೇಕು.

2016ರ ಕಾಯ್ದೆಯ 24ನೇ ಕಲಂ ಈ ದಿಕ್ಕಿನಲ್ಲಿ ಎರಡು ಮಾತು ಹೇಳುತ್ತದೆ: ಅಂಗವಿಕಲರಿಗೆ ಕೊಡುವ ನೆರವು ಇತರರಿಗಿರುವ ಅದೇ ಬಗೆಯ ಯೋಜನೆಗಿಂತ ಕನಿಷ್ಠ ಶೇ 25 ಹೆಚ್ಚಿರಬೇಕು, ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆದಾರರ ಭತ್ಯೆ ಇರಬೇಕು. ಈ ಎರಡನ್ನೂ ಬೇರೆಯಾದವರಿಗೆ ಮೊದಲು ತಲುಪಿಸಬೇಕು, ಏಕೆಂದರೆ ಆರೈಕೆದಾರರನ್ನು ಕಳೆದುಕೊಂಡವರು ಅವರೇ.

5. ಆದೇಶದಿಂದ ಕೈಗೆ

ಆದೇಶವಾದ ಮೇಲೂ ಹಣ ಕೈಸೇರುವುದು ಇನ್ನೊಂದು ಹೋರಾಟ. 144ರಡಿ ಬಾಕಿ ವಸೂಲಿಯ ವಾರಂಟಿಗೆ, ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ನ್ಯಾಯಾಲಯದ ಮೆಟ್ಟಿಲು ಹತ್ತಲಾಗದವರಿಗೆ ಒಂದು ವರ್ಷ ಬೇಗ ಕಳೆದುಹೋಗುತ್ತದೆ. ಆದ್ದರಿಂದ ಮೊದಲೇ ಭದ್ರ ಮಾಡಿಕೊಳ್ಳುವ ಎರಡು ಉಪಾಯಗಳನ್ನು ವಕೀಲರು ಮರೆಯಬಾರದು. ಕೌಟುಂಬಿಕ ದೌರ್ಜನ್ಯ ಕಾಯ್ದೆಯ 20(6)ರಂತೆ, ಎದುರುದಾರ ಹಣ ಕಟ್ಟಲು ತಪ್ಪಿದರೆ, ಅವನ ಸಂಬಳದಿಂದ ನೇರವಾಗಿ ಕೊಡುವಂತೆ ಮಾಲೀಕನಿಗೆ ಮ್ಯಾಜಿಸ್ಟ್ರೇಟರು ನಿರ್ದೇಶಿಸಬಹುದು. ಹಿಂದೂ ವಿವಾಹ ಕಾಯ್ದೆಯ 25ನೇ ಕಲಮಿನಡಿ, ಅಗತ್ಯವಿದ್ದರೆ, ಜೀವನಾಂಶವನ್ನು ಸ್ಥಿರಾಸ್ತಿಯ ಮೇಲಿನ ಹೊಣೆಯಾಗಿಸಬಹುದು. ವಕೀಲರ ಖರ್ಚಿಗೆ ಹೆದರಬೇಕಿಲ್ಲ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಂ ಹೆಂಗಸರಿಗೂ ಅಂಗವಿಕಲರಿಗೂ ಆದಾಯ ನೋಡದೆ ಉಚಿತ ಕಾನೂನು ನೆರವು ಕೊಡುತ್ತದೆ.

6. ಉಪಸಂಹಾರ

ಮೇಲಿನ ವಿವೇಚನೆಯಿಂದ ಮೂರು ಸಲಹೆಗಳು ಹೊರಡುತ್ತವೆ. ಒಂದು, ಆಸ್ತಿ-ಹೊಣೆ ಪ್ರಮಾಣಪತ್ರದಲ್ಲಿ ಆರೈಕೆಯ ಗಂಟೆಗಳಿಗೂ ಅವುಗಳ ಕೂಲಿಗೂ ಪ್ರತ್ಯೇಕ ಕಲಂ ಬೇಕು. ಎರಡು, ಬೇರೆಯಾದ ಅಂಗವಿಕಲ ವ್ಯಕ್ತಿಯನ್ನು ಮಾಸಾಶನದ ಮಟ್ಟಿಗೆ ಒಂಟಿ ಕುಟುಂಬವೆಂದು ಎಣಿಸಬೇಕು. ಮೂರು, ಮಾಸಾಶನದ ಅಷ್ಟು ಹಣವನ್ನು ಜೀವನಾಂಶದಿಂದ ಕಳೆಯಬಾರದು, ಅದು ಸಮಾಜ ಕೊಡುವ ಆಸರೆಯೇ ಹೊರತು ಎದುರುದಾರನಿಗೆ ಸಿಗುವ ರಿಯಾಯಿತಿಯಲ್ಲ.

ನಮೂನೆ ಬದಲಾಗುವವರೆಗೆ ಕಾಯಬೇಕಿಲ್ಲ. ಇಂದೇ ಒಂದು ಇನ್ನೂರು ಪುಟದ ನೋಟ್‌ಬುಕ್ ಸಾಕು. ಒಂದು ತಿಂಗಳು, ಪ್ರತಿದಿನ, ಯಾವ ಹೊತ್ತಿಗೆ ಯಾರು ಏನು ಮಾಡಿದರು ಎಂದು ಬರೆದಿಟ್ಟು, ಆ ಊರಿನಲ್ಲಿ ಅದೇ ಕೆಲಸಕ್ಕಿರುವ ಕೂಲಿಯ ದರವನ್ನು ಪಕ್ಕದಲ್ಲಿ ನಮೂದಿಸಿ, ಪ್ರಮಾಣಪತ್ರದ ಜೊತೆ ಲಗತ್ತಿಸಬೇಕು. ಆ ಪುಟಗಳಲ್ಲಿ ‘ರಾತ್ರಿ 3: ಮಗ್ಗುಲು ಬದಲಿಸಿದ್ದು, ಅಮ್ಮ’ ಎಂಬ ಸಾಲು ಮೂವತ್ತು ಸಲ ಬರುತ್ತದೆ. ನ್ಯಾಯಾಧೀಶರು ಮೊದಲು ಓದಬೇಕಾದ ಸಾಲು ಅದು.